ಮೂವತ್ತರ ಮಗ್ಗಿ

ಪುತ್ತೂರಿನ ಶಾಲೆಯಲ್ಲಿ ಇಪ್ಪತ್ತರವರೆಗಿನ ಮಗ್ಗಿಯನ್ನು ಹೇಗೋ ಒಪ್ಪಿಸಿ ಪಾರಾಗಿದ್ದ ನಾನು ಮೂವತ್ತರ ಮಗ್ಗಿಯನ್ನು ಬಾಯಿಪಾಠ ಮಾಡಿದ್ದು ನಡುವಯಸ್ಸಿನಲ್ಲಿ, ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದ ರಾಜಧಾನಿಯಾದ ಸೇಂಟ್ ಜಾರ್ಜಸ್ ಪಟ್ಟಣದಲ್ಲಿ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವ ಕೆಲಸ ಹಿಡಿದು ಇಲ್ಲಿಗೆ ಬಂದಾಗ ಸಂಬಳದ ಅಂಕಿಯನ್ನು ಹತ್ತು ಸಲ ಓದಿಕೊಂಡಿದ್ದೆನೇ ಹೊರತು ಹೂಕೋಸಿನ ಬೆಲೆಯನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

ಇಲ್ಲಿ ಚಲಾವಣೆಯಲ್ಲಿರುವುದು ಪೂರ್ವ ಕೆರಿಬಿಯನ್ ಡಾಲರು. 1976ರಲ್ಲಿ ಅದನ್ನು ಒಂದು ಅಮೆರಿಕನ್ ಡಾಲರಿಗೆ 2.70ರಂತೆ ಕಟ್ಟಿಹಾಕಿದ ಮೇಲೆ ಅದು ಗೂಟಕ್ಕೆ ಕಟ್ಟಿದ ಹಸುವಿನಂತೆ ಅಲ್ಲಿಯೇ ನಿಂತಿದೆ. ನಮ್ಮ ಲೆಕ್ಕದಲ್ಲಿ ಒಂದಕ್ಕೆ 30 ಚಿಲ್ಲರೆ ರೂಪಾಯಿ. ಚಿಲ್ಲರೆಯನ್ನು ನಾನು ಮನಶ್ಶಾಂತಿಗಾಗಿ ಕೈಬಿಟ್ಟಿದ್ದೇನೆ. ಎರಡು ಬಗೆಯ ಡಾಲರುಗಳಿರುವ ಊರಿನಲ್ಲಿ ಬರಿಯ ಸಂಖ್ಯೆಯನ್ನು ನಂಬಬಾರದೆಂಬುದು ವಿಮಾನ ನಿಲ್ದಾಣದಿಂದ ಮನೆಗೆ ತಲಪುವಷ್ಟರಲ್ಲಿಯೇ ತಿಳಿಯಿತು. ಟ್ಯಾಕ್ಸಿಯವನು “ಇಪ್ಪತ್ತೈದು” ಎಂದ. ನಾನು ಸ್ಥಳೀಯ ನೋಟುಗಳಲ್ಲಿ ಇಪ್ಪತ್ತೈದನ್ನು ಎಣಿಸಿ, ಉದಾರಿಯಂತೆ ನಕ್ಕು, ಅವನ ಕೈಗಿತ್ತೆ. ಅವನು ಕೈಯನ್ನು ಹಿಂದೆಗೆಯಲಿಲ್ಲ. ಇನ್ನೂ ಏನೋ ಬರಬೇಕೆಂಬಂತೆ ಅದು ಚಾಚಿಕೊಂಡೇ ಇತ್ತು. “ಅಮೆರಿಕದ್ದು ಸಾರ್” ಎಂದು ಅವನು ಮೆಲ್ಲನೆ ಹೇಳಿದಾಗ ಇಪ್ಪತ್ತೈದು ಅರುವತ್ತೇಳೂವರೆಯಾಯಿತು, ನನ್ನ ತಲೆಯೊಳಗೆ ಅದೇ 2,025 ರೂಪಾಯಿಯಾಯಿತು. ಅಷ್ಟು ದುಡ್ಡಿಗೆ ಪುತ್ತೂರಿನಿಂದ ಮಂಗಳೂರಿಗೆ ಬಾಡಿಗೆ ಕಾರಿನಲ್ಲಿ ಹೋಗಬಹುದಿತ್ತು. ಇಲ್ಲಿ ನಾವು ದಾಟಿದ್ದು ಕೆಲವೇ ಕಿಲೋಮೀಟರುಗಳನ್ನು.

ಮೊದಲ ಮೂರು ತಿಂಗಳು ನಾನು ಒಬ್ಬನೇ ಇದ್ದೆ. ಆ ಅವಧಿಯಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲಿ ನನ್ನಷ್ಟು ನಿಧಾನವಾಗಿ ನಡೆದವರು ಯಾರೂ ಇರಲಾರರು, ಏಕೆಂದರೆ ಪ್ರತಿಯೊಂದು ಸಾಮಾನಿನ ಮುಂದೆಯೂ ನಿಂತು ಗುಣಿಸಬೇಕಾಗಿತ್ತು. ಸಣ್ಣದೊಂದು ಹೂಕೋಸು 22 ಡಾಲರು, ಅಂದರೆ 660 ರೂಪಾಯಿ. ಅದನ್ನು ಎತ್ತಿಕೊಂಡು, ಶವಚ್ಛೇದನ ಕೊಠಡಿಯಲ್ಲಿ ಮಿದುಳನ್ನು ಹಿಡಿಯುವ ಗೌರವದಿಂದಲೇ ತಿರುಗಿಸಿ ನೋಡಿ, ಮರಳಿ ಇಟ್ಟೆ. ಯಾರನ್ನೂ ದೂರುವಂತಿಲ್ಲ. ಸುಮಾರು ಒಂದು ಲಕ್ಷ ಜನರ ದ್ವೀಪಕ್ಕೆ ಇಂಥ ಪದಾರ್ಥಗಳೆಲ್ಲ ಮಯಾಮಿಯಂಥ ಬಂದರುಗಳಿಂದ ಕಂಟೇನರುಗಳಲ್ಲಿ ಬರಬೇಕು. ಬಂದದ್ದಕ್ಕೆ ಹಡಗಿನ ಬಾಡಿಗೆ, ಸುಂಕ, ಅನೇಕ ಸಾಮಾನುಗಳ ಮೇಲೆ ಶೇಕಡಾ 15ರ ಮೌಲ್ಯವರ್ಧಿತ ತೆರಿಗೆ ಎಲ್ಲವೂ ಅಂಟಿಕೊಳ್ಳುತ್ತವೆ. ಅದನ್ನು ತಂಪಾಗಿ ಇಡುವ ವಿದ್ಯುತ್ತು ಕೂಡ ಬಹುಮಟ್ಟಿಗೆ ಹೊರಗಿನಿಂದ ತಂದ ಡೀಸೆಲನ್ನು ಸುಟ್ಟು ಬಂದದ್ದು. ಅರ್ಥಶಾಸ್ತ್ರ ನನಗೆ ಸ್ಪಷ್ಟವಾಗಿಯೇ ಅರ್ಥವಾಯಿತು, ಆದರೆ ಅರ್ಥವಾದದ್ದರಿಂದ ಪಲ್ಯವೇನೂ ಆಗಲಿಲ್ಲ.

ಹೀಗಿರುವಾಗ ಒಂದು ಶನಿವಾರ ಮಾರ್ಕೆಟ್ ಸ್ಕ್ವೇರಿನ ಸಂತೆಗೆ ಹೋದೆ. ಗ್ರೆನಡಾ ಸಾಂಬಾರ ಪದಾರ್ಥಗಳ ದ್ವೀಪ. ಅದರ ಧ್ವಜದಲ್ಲಿಯೇ ಒಂದು ಜಾಯಿಕಾಯಿಯಿದೆ. ಜಾಯಿಕಾಯಿ, ಜಾಪತ್ರೆ, ದಾಲ್ಚಿನ್ನಿ, ಲವಂಗಗಳ ಗುಡ್ಡೆಗಳ ನಡುವೆ ಬಣ್ಣದ ಕೊಡೆಯ ಕೆಳಗೆ ಕುಳಿತಿದ್ದ ಹೆಂಗಸಿನ ಮುಂದೆ ಅಂಗೈಯಗಲದ ಪ್ಲಾಸ್ಟಿಕ್ ಪೊಟ್ಟಣಗಳಿದ್ದವು, ಅವುಗಳ ಮೇಲೆ “ಸ್ಯಾಫ್ರನ್” ಎಂದು ಬರೆದಿತ್ತು. ಬೆಲೆ ಕೇಳಿದೆ. “ಐದು, ಡಾರ್ಲಿಂಗ್” ಎಂದಳು. ಯಾವ ಡಾಲರೆಂದು ಈ ಬಾರಿ ಮೊದಲೇ ಕೇಳಿ ಖಚಿತಪಡಿಸಿಕೊಂಡೆ. ಗ್ರಾಂ ಲೆಕ್ಕದಲ್ಲಿ ಚಿನ್ನದಂತೆ ಮಾರುವ ಕೇಸರಿ ಇಲ್ಲಿ ಒಂದು ಮುಷ್ಟಿಗೆ 150 ರೂಪಾಯಿ! ಮೂವತ್ತರ ಮಗ್ಗಿ ನನಗೆ ಮೊದಲ ಸಲ ಸಂತೋಷವನ್ನು ಕೊಟ್ಟಿತು. ಎಸಳುಗಳ ಬದಲು ಪುಡಿಯಿರುವುದನ್ನು ಕಂಡು, ಅಷ್ಟು ಅಗ್ಗಕ್ಕೆ ಕೊಡುವವರು ಕುಟ್ಟಿಯೂ ಕೊಟ್ಟಿದ್ದಾರಲ್ಲ ಎಂದು ಕೃತಜ್ಞನಾದೆ. ಚೌಕಾಸಿ ಮಾಡಿದರೆ ಅವಳಿಗೆ ನಿಜವಾದ ಬೆಲೆ ನೆನಪಾಗಬಹುದೆಂದು ಹೆದರಿ ತುಟಿಪಿಟಕ್ಕೆನ್ನದೆ ಆರು ಪೊಟ್ಟಣ ಕೊಂಡೆ. ಅತ್ತೆಯವರಿಗೆ ಎರಡು, ಅಕ್ಕನಿಗೆ ಒಂದು, ಉಳಿದದ್ದು ಮುಂದಿನ ವಾರ ಬರಲಿದ್ದ ಹೆಂಡತಿಗೆ ಸ್ವಾಗತದ ಕಾಣಿಕೆ ಎಂದು ದಾರಿಯಲ್ಲಿಯೇ ಹಂಚಿಕೆಯೂ ಆಯಿತು.

ಹೆಂಡತಿ ಬಂದಳು. ಕಾಣಿಕೆಯನ್ನು ಬಿಡಿಸಿದಳು. ಮೂಗಿನ ಹತ್ತಿರ ಹಿಡಿದು, ಚಿಟಿಕೆಯಷ್ಟನ್ನು ಅಂಗೈಯಲ್ಲಿ ಉಜ್ಜಿ, ನನ್ನ ಮುಖವನ್ನೇ ನೋಡಿದಳು.

“ಇದು ಅರಸಿನ ಮಾರಾಯ್ರೆ.”

ಈ ದ್ವೀಪದವರು ಅರಸಿನವನ್ನೇ ಸ್ಯಾಫ್ರನ್ ಎಂದು ಕರೆಯುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ, ಇಲ್ಲಿಯ ರೂಢಿಯೇ ಹಾಗೆ. ಸಂಕಟದ ಸಂಗತಿಯೆಂದರೆ, ಆಕೆಯ ಸೂಟ್‌ಕೇಸಿನಲ್ಲಿ ತೋಟದ ಅರಸಿನವನ್ನು ಪುಡಿಮಾಡಿಸಿ ತಂದ ಎರಡು ಕಿಲೋ ಬೇರೆಯೇ ಇತ್ತು, ಅದಕ್ಕಾಗಿ ಹೆಚ್ಚುವರಿ ಸಾಮಾನಿನ ಶುಲ್ಕವನ್ನೂ ತೆತ್ತಿದ್ದೆವು. ಅರಸಿನ ಬೆಳೆಯುವ ದ್ವೀಪಕ್ಕೆ ವಿಮಾನದಲ್ಲಿ ಅರಸಿನ ಸಾಗಿಸಿದ ಖರ್ಚನ್ನು ನಾನು ಯಾವ ಮಗ್ಗಿಯಿಂದಲೂ ಗುಣಿಸಲು ಹೋಗಲಿಲ್ಲ.

ಆದರೆ ಹೆಂಡತಿ ಅಲ್ಲಿಗೆ ನಿಲ್ಲಿಸಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿ, “ಇಷ್ಟು ದೊಡ್ಡ ಜೀಗುಜ್ಜೆ ಮರ ಇಟ್ಟುಕೊಂಡು ಮೂರು ತಿಂಗಳು ಬ್ರೆಡ್ಡು ತಿಂದಿರಾ?” ಎಂದು ಕೇಳಿದಳು. ಘಟ್ಟದ ಮೇಲಿನವರು ದೀವಿಹಲಸು ಎನ್ನುವ ಆ ಕಾಯಿಗಳು ಮನೆಯೊಡತಿಯ ಹಿತ್ತಲಿನಿಂದ ನಮ್ಮ ಅಂಗಳಕ್ಕೆ ಬಾಗಿದ್ದುದನ್ನು ನಾನು ದಿನವೂ ನೋಡಿದ್ದೆ, ಕಂಡಿರಲಿಲ್ಲ. ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ 1793ರಲ್ಲಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ಅದರ ಗಿಡಗಳನ್ನು ಹಡಗಿನಲ್ಲಿ ಕೆರಿಬಿಯನ್ನಿಗೆ ತಂದದ್ದು ತೋಟದ ಗುಲಾಮರ ಹೊಟ್ಟೆಯನ್ನು ಅಗ್ಗದಲ್ಲಿ ತುಂಬಿಸಲಿಕ್ಕಾಗಿ. ಜೀವನವೆಚ್ಚದ ಕ್ರೂರ ಲೆಕ್ಕವೊಂದು ಆ ಮರದಲ್ಲಿ ಮೊದಲೇ ಕಾಯಿಬಿಟ್ಟಿತ್ತು. ಈಗ ಅದೇ ಕಾಯಿಯನ್ನು ತೆಂಗಿನ ಹಾಲು, ಉಪ್ಪುಹಾಕಿದ ಮಾಂಸ, ಸೊಪ್ಪು ಮತ್ತು ಈ “ಸ್ಯಾಫ್ರನ್” ಜೊತೆ ಬೇಯಿಸಿದರೆ ದೇಶದ ಹೆಮ್ಮೆಯ ಅಡುಗೆಯಾದ ಆಯಿಲ್ ಡೌನ್ ಆಗುತ್ತದೆ. ಮನೆಯೊಡತಿ ಅದನ್ನು ನಮಗಾಗಿ ಮಾಂಸವಿಲ್ಲದೆ ಮಾಡಿ ತಂದುಕೊಟ್ಟರು. ಪಾತ್ರೆಯ ಮೇಲುಭಾಗದಲ್ಲಿ ಹಾಸಿದ್ದ ಸೊಪ್ಪನ್ನು ಅವರು ಕಲಲೂ ಎಂದರು. ಹೆಂಡತಿ ಬೆರಳಿನಿಂದ ಒಂದು ಎಲೆಯನ್ನು ಎತ್ತಿ, “ಕೆಸುವಿನೆಲೆ” ಎಂದಳು.

ಮರುದಿನವೇ ಪತ್ರೊಡೆಯಾಯಿತು. ಸಂತೆಯಲ್ಲಿ ಎಲೆಯ ಕಂತೆಗೆ 3 ಡಾಲರು. ಹುಣಸೆ ಸಂತೆಯಲ್ಲಿಯೇ ಸಿಕ್ಕಿತು, ತೆಂಗಿನಕಾಯಿಯೊಂದು ಹಿಂದಿನ ರಾತ್ರಿ ಮರದಿಂದ ನಮ್ಮ ಹಳೆಯ ಜಪಾನೀ ಕಾರಿನ ಬಾನೆಟ್ಟಿನ ಮೇಲೆ ತಾನಾಗಿಯೇ ಬಿದ್ದಿತ್ತು. ತಗ್ಗನ್ನು ಸರಿಪಡಿಸಲು ಗ್ಯಾರೇಜಿನವನು ಕೇಳಿದ ಹಣವನ್ನು ಆ ತೆಂಗಿನಕಾಯಿಯ ಬೆಲೆಯೆಂದು ಹಿಡಿದರೆ ಅದು ಪ್ರಪಂಚದ ಅತಿ ದುಬಾರಿ ಪತ್ರೊಡೆಯಾದೀತು, ಹಾಗಾಗಿ ಅವೆರಡನ್ನೂ ಬೇರೆ ಬೇರೆ ಖಾತೆಗಳಲ್ಲಿ ಬರೆದೆವು. ಸುದ್ದಿ ಹಬ್ಬಿತು. ಮಂಗಳೂರು, ಉಡುಪಿ, ಕಾಸರಗೋಡಿನ ಕಡೆಯಿಂದ ಬಂದಿದ್ದ ಸಹೋದ್ಯೋಗಿಗಳೆಲ್ಲರೂ, ಇಷ್ಟು ದಿನ ನನ್ನಂತೆಯೇ ಹೂಕೋಸಿನ ಮುಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದವರು, ಶನಿವಾರ ಬೆಳಗಾಗುವುದರೊಳಗೆ ಚೀಲ ಹಿಡಿದು ಸಂತೆಗೆ ಹೋಗತೊಡಗಿದರು.

ಒಂದು ತಿಂಗಳ ಅನಂತರ ನಾನು ಎಂದಿನಂತೆ ಕೆಸುವಿನೆಲೆಯ ಕಂತೆಯನ್ನೆತ್ತಿ 3 ಡಾಲರು ಚಾಚಿದೆ. ಕೊಡೆಯ ಕೆಳಗಿನ ಹೆಂಗಸು ಕೈಯನ್ನು ಹಿಂದೆಗೆಯಲಿಲ್ಲ.

“ಐದು, ಡಾರ್ಲಿಂಗ್. ಏನು ಮಾಡುವುದು, ನಿಮ್ಮ ಇಂಡಿಯಾದವರು ಇದನ್ನು ಉಳಿಯಗೊಡುವುದೇ ಇಲ್ಲ.”

ಐದು ಮೂವತ್ತಲೇ ನೂರೈವತ್ತು.