ಮೋಡೆಮ್ ಬಿಟ್ಟ ಬುರುಡೆ

ಡಯಲ್-ಅಪ್ ಕಾಲದ ನಮ್ಮ ಮೋಡೆಮ್ ಮೇಲೆ 56ಕೆ ಅಂತ ದಪ್ಪಕ್ಷರದಲ್ಲಿ ಬರೆದಿತ್ತು, ಅಂದರೆ ವೇಗ 56000. ಲಿನಕ್ಸ್‌ನ ಲಾಗ್ ಫೈಲ್ (ನಡೆದದ್ದೆಲ್ಲ ಬರೆದಿಡುವ ಕಡತ) ತೆಗೆದರೆ ಅದಕ್ಕಿಂತ ದೊಡ್ಡ ಸುದ್ದಿ: 'ಕನೆಕ್ಟ್ 115200'. ಹೆಚ್ಚುಕಮ್ಮಿ ಎರಡು ಪಟ್ಟು! ತಮ್ಮ ಕುಣಿದಾಡಿಬಿಟ್ಟ. ಅವನು ಕುಣಿದು ಸುಸ್ತಾಗಿ ಕೂತರೂ ಬ್ರೌಸರಿನಲ್ಲಿ ತೆರೆದಿದ್ದ ಫೋಟೊ ಮಾತ್ರ ಹಣೆಯಿಂದ ಮೂಗಿಗೆ ಇಳಿದಿರಲಿಲ್ಲ.

"ಅಣ್ಣಾ, ಇಷ್ಟು ಸ್ಪೀಡಿದ್ರೆ ಇದ್ಯಾಕೆ ಹಿಂಗೆ ತೆವಳ್ತಿದೆ?"

ನ್ಯಾಯವಾದ ಪ್ರಶ್ನೆಯೇ. ಆ 115200 ಫೋನ್ ಲೈನಿನ ವೇಗ ಅಲ್ಲವೇ ಅಲ್ಲ. ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೂ ಮೋಡೆಮ್ಮಿಗೂ ನಡುವೆ ಇರುವ ತುಂಡು ಕೇಬಲ್ಲಿನದ್ದು. ಊರಿಂದ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೆಂಟರನ್ನು ಕೇಳಿದರೆ ಬಾಗಿಲಿಂದ ಜಗಲಿಗೆ ಬಂದ ಹೊತ್ತು ಹೇಳಿದ ಹಾಗೆ. ಹಾಗಂತ ಅದನ್ನು ಕಮ್ಮಿ ಮಾಡೋಕೆ ಹೋಗಬಾರದು. ಲೈನಿನಲ್ಲಿ ಒತ್ತಿ ಚಿಕ್ಕದಾಗಿ ಬಂದ ಡೇಟಾವನ್ನು ಮೋಡೆಮ್ ಬಿಚ್ಚಿ ದೊಡ್ಡದು ಮಾಡಿ ಕೊಡುತ್ತೆ, ಅದಕ್ಕೆ ಆ ಕೇಬಲ್ ಅಗಲವಾಗಿಯೇ ಇರಬೇಕು.

ನಿಜ ಬಾಯಿಬಿಡಿಸೋಕೆ ಡಯಲ್ ಮಾಡುವ ಮುಂಚೆ ಮೋಡೆಮ್ಮಿಗೆ ಕಳಿಸುವ ಎಟಿ ಕಮಾಂಡಿಗೆ ಡಬ್ಲ್ಯೂ2 ಸೇರಿಸಬೇಕು. ಎಲ್ಲಾ ಮೋಡೆಮ್ ಕೇಳಲ್ಲ, ನಮ್ಮದು ಕೇಳಿತು. ಮೋಡೆಮ್ಮಿಗೆ ಕಮಾಂಡ್ ಕಳಿಸಿ ಡಯಲ್ ಮಾಡಿಸುವ ಚ್ಯಾಟ್ ಸ್ಕ್ರಿಪ್ಟಿನಲ್ಲಿ ಅದೊಂದು ಸೇರಿಸಿ ಮತ್ತೆ ಡಯಲ್ ಮಾಡಿ, ಆ ಕೀಚಲು ಸದ್ದೆಲ್ಲ ಮುಗಿಯುವವರೆಗೆ ಕಾದು ಲಾಗ್ ನೋಡಿದರೆ: 'ಕನೆಕ್ಟ್ 44000'. ತಮ್ಮನ ಮುಖ ನೋಡಬೇಕಿತ್ತು.

ಅದೂ ಬಿಟ್ಸ್ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 5500 ಬೈಟ್. ಅದೂ ಇಳಿಯುವ ದಾರಿಗೆ ಮಾತ್ರ. 1998ರ ವಿ.90 ಅನ್ನೋ ಸ್ಟ್ಯಾಂಡರ್ಡಿನ 56ಕೆ ಮೋಡೆಮ್‌ಗಳಲ್ಲಿ ಕಳಿಸುವ ದಾರಿ ಹೆಚ್ಚೆಂದರೆ 33600. ಸಾಲದ್ದಕ್ಕೆ, ಲೈನಿನಲ್ಲಿ ಗರಗರ ಜಾಸ್ತಿಯಾದರೆ ಮೋಡೆಮ್ ಸುಮ್ನೆ ವೇಗ ಇಳಿಸಿಕೊಳ್ಳುತ್ತೆ, ಲಾಗಿಗೆ ಒಂದು ಮಾತೂ ಹೇಳಲ್ಲ.

ತಮ್ಮ ಬಿಡುತ್ತಾನಾ? ಫೈಲ್ ಇಳಿಸುವ ಡಬ್ಲ್ಯೂಗೆಟ್ ಪ್ರೋಗ್ರಾಂ ಹಾಕಿ ದೊಡ್ಡದೊಂದು ಟೆಕ್ಸ್ಟ್ ಫೈಲ್ ಇಳಿಸಿದ, ಸೆಕೆಂಡಿಗೆ ಹತ್ತು ಕಿಲೋಬೈಟ್ ದಾಟಿತು, ಎರಡನೇ ಸುತ್ತು ಕುಣಿತ ಶುರು. ಟೆಕ್ಸ್ಟ್ ಚೆನ್ನಾಗಿ ಕುಗ್ಗುತ್ತೆ ಕಣೋ, ಮೊದಲೇ ಕುಗ್ಗಿಸಿದ ಜಿಪ್ ಫೈಲ್ ಇಳಿಸಿ ನೋಡು ಅಂದೆ. ಐದರ ಆಸುಪಾಸಿಗೆ ಬಂತು. ಜಿಪ್ ಮುಗಿಯುವ ಮುಂಚೆ ಲೈನೂ ಕಟ್ಟಾಯಿತು.

ಆಗ ಲಾಗ್ ತುದಿಯಲ್ಲಿ ಪಿಪಿಪಿಡಿ (ಡಯಲ್-ಅಪ್ ಕನೆಕ್ಷನ್ ನಡೆಸುವ ಪ್ರೋಗ್ರಾಂ) ಖಚಿತವಾಗಿ ಲೆಕ್ಕ ಬರೆದಿಟ್ಟಿತ್ತು: ಇಷ್ಟು ನಿಮಿಷ ಕನೆಕ್ಟ್ ಆಗಿತ್ತು, ಇಷ್ಟು ಬೈಟ್ ಹೋಯಿತು, ಇಷ್ಟು ಬಂತು. ಹಿಂದಿನ ಕನೆಕ್ಷನ್‌ಗಳದ್ದೂ ಸಾಲಾಗಿ ಕೂತಿತ್ತು, ಪರೀಕ್ಷೆಗೆ ಓದ್ತಿದೀನಿ ಅಂತ ತಮ್ಮ ಹೇಳಿದ್ದ ರಾತ್ರಿಗಳದ್ದೂ ಸೇರಿ.

"ಅಣ್ಣಾ, ಈ ಫೈಲು ಎಲ್ಲಿದೆ ಅಂತ ಅಮ್ಮಂಗೆ ಹೇಳ್ಬೇಡ" ಅಂದ. ಫೋನ್ ಬಿಲ್ ಕಟ್ಟೋದು ಅಮ್ಮ. ಅವನ ಪುಣ್ಯ, ಅದನ್ನು ತೆರೆಯೋಕೆ ಕಂಪ್ಯೂಟರಿನ ಯಜಮಾನ ಖಾತೆಯ, ಅಂದರೆ ರೂಟ್ ಪಾಸ್‌ವರ್ಡ್ ಬೇಕಿತ್ತು.