ಕುಂಟೆ ಮೇಲಿನ ಅಮಲಣಬೆ: ಹೆಸರು ಹೇಳಲು ಡಿಎನ್‌ಎ ಬೇಕೇ ಬೇಕೇ?

ಪರ: ರೂಪ ನೋಡಿ ಹೇಳಿದ್ದು ಊಹೆ ಅಷ್ಟೇ

ಆಗುಂಬೆ, ಹೊಸನಗರದ ಕಡೆ ಪುಷ್ಯ ಮಳೆ ಹಿಡಿದರೆ ಒಂದೇ ಕೊಳೆತ ಮರದ ಕುಂಟೆಯ ಮೇಲೆ ಹಲವು ಬಗೆಯ ಕಂದು ಅಣಬೆ ಏಳುತ್ತವೆ. ನೆನೆದಾಗ ಕಡುಬಣ್ಣ, ಒಂದು ಗಳಿಗೆ ಮಳೆ ಬಿಟ್ಟರೆ ಟೋಪಿ ನಡುವಿನಿಂದ ಬಿಳಚುತ್ತದೆ. ಬೆಳಿಗ್ಗೆಯದೂ ಸಂಜೆಯದೂ ಒಂದೇ ಅಣಬೆ ಎಂದು ನಂಬುವುದೇ ಕಷ್ಟ.

ಅಮಲೇರಿಸುವ ಸೈಲೋಸೈಬಿ ಕುಲದ ಸಯಾನೆಸೆನ್ಸ್ ಗುಂಪನ್ನೇ ತೆಗೆದುಕೊಳ್ಳಿ. ಅವು ನಮ್ಮ ಕಾಡಿನವಲ್ಲ, ಚಳಿದೇಶದವು. ಆದರೂ ಈ ತಕರಾರಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 1946ರಲ್ಲಿ ಶಿಲೀಂಧ್ರತಜ್ಞೆ ಎಲ್ಸಿ ವೇಕ್‌ಫೀಲ್ಡ್ ಇಂಗ್ಲೆಂಡಿನ ಮಾದರಿಗೆ ಆ ಹೆಸರಿಟ್ಟರು. ಅಲೆಯಲೆಯಾದ ಟೋಪಿಯಂಚು ಅದರ ಗುರುತು ಅನ್ನುತ್ತಾರೆ. ಎಳೆಯ ಅಣಬೆಯಲ್ಲಿ ಆ ಅಲೆ ಇರುವುದೇ ಇಲ್ಲ! ಅಮೆರಿಕದ ಪಶ್ಚಿಮ ಕರಾವಳಿಯ, ಬಲಿತರೂ ಅಂಚು ಅಲೆಯಾಗದ ಅಣಬೆಯನ್ನು 2012ರಲ್ಲಿ ಸೈಲೋಸೈಬಿ ಅಲೆನಿಐ ಎಂದು ಬೇರ್ಪಡಿಸಿದರು, ರೂಪದ ಜೊತೆಗೆ ಡಿಎನ್‌ಎಯನ್ನೂ ಇಟ್ಟು ನೋಡಿ. ಇದಕ್ಕೆ ತದ್ವಿರುದ್ಧವಾದದ್ದೂ ಆಗಿದೆ. ಮಾರಕ ವಿಷದ ಗ್ಯಾಲರೈನಾ ಅಣಬೆಯಲ್ಲಿ ಆಟಮ್ನಾಲಿಸ್, ಯೂನಿಕಲರ್ ಎಂದೆಲ್ಲ ಬೇರೆಬೇರೆ ಹೆಸರಿದ್ದವು. 2001ರಲ್ಲಿ ಡಿಎನ್‌ಎ ಹೋಲಿಸಿದಾಗ ಅವೆಲ್ಲ ಗ್ಯಾಲರೈನಾ ಮಾರ್ಜಿನಾಟಾ ಒಂದೇ ಎಂದಾಯಿತು. ಕಣ್ಣು ಒಂದು ಕಡೆ ಕೂಡಿಸಿ ತಪ್ಪಿತು, ಇನ್ನೊಂದು ಕಡೆ ಒಡೆದು ತಪ್ಪಿತು.

ಕೆಲಸವೂ ಬೆಟ್ಟದಂಥದ್ದಲ್ಲ. ಟೋಪಿಯನ್ನು ಸೀಳಿ, ಹೊರಮೈ ತಾಗದ ಹಾಗೆ ಒಳಗಿನಿಂದ ಅಕ್ಕಿಕಾಳಿನಷ್ಟು ತಿರುಳು ತೆಗೆದು, ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಹಾಕಿ. ಶಿಲೀಂಧ್ರಗಳ ಬಾರ್‌ಕೋಡ್ ಎಂದು 2012ರಲ್ಲಿ ಸೂಚಿತವಾದ ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು ಓದಿಸಿದರೆ ಸುಮಾರು 600–700 ಡಿಎನ್‌ಎ ಅಕ್ಷರ ಸಿಗುತ್ತವೆ. ಉಳಿದ ಅಣಬೆಯನ್ನು 40–45 ಡಿಗ್ರಿಯಲ್ಲಿ ಒಣಗಿಸಿಡಿ. ಅಡಿಕೆ ಡ್ರೈಯರಿಗೆ ಮಾತ್ರ ತುರುಕಬೇಡಿ, ಬಿಸಿ ಹೆಚ್ಚಾದರೆ ಡಿಎನ್‌ಎ ತುಂಡುತುಂಡಾಗುತ್ತದೆ.

ವಿರೋಧ: ಮೊದಲು ಬೀಜಕದ ಅಚ್ಚು ತೆಗೆಯಿರಿ

ಸಿಲಿಕಾ ಜೆಲ್ ಎಂದು ಹೇಳುವುದು ಸುಲಭ. ಮಲೆನಾಡಿನ ಜುಲೈ ತಿಂಗಳಲ್ಲಿ ಒಣಗಿಸುವುದು ಒಂದು ದಿನ ತಡವಾದರೆ ಅಣಬೆಗೆ ಬೂಷ್ಟು ಬರುತ್ತದೆ. ಐಟಿಎಸ್ ಭಾಗವನ್ನು ಹುಡುಕಿಕೊಡುವ ಪ್ರೈಮರು (ಚಿಕ್ಕ ಡಿಎನ್‌ಎ ತುಣುಕು) ಯಾವ ಶಿಲೀಂಧ್ರ ಸಿಕ್ಕರೂ ಹಿಡಿಯುತ್ತದೆ. ವರದಿ ಬರುವುದು ಅಣಬೆಯ ಹೆಸರಲ್ಲಲ್ಲ, ಬೂಷ್ಟಿನ ಹೆಸರಲ್ಲಿ. ಸ್ವಚ್ಛವಾಗಿ ಬಂತು ಅಂತಲೇ ಇಟ್ಟುಕೊಳ್ಳಿ, ಅದನ್ನು ಹೋಲಿಸುವುದು ಯಾವುದರ ಜೊತೆ? ಡಿಎನ್‌ಎ ಸರಣಿಗಳ ಸಾರ್ವಜನಿಕ ಕಣಜದಲ್ಲಿ ತಪ್ಪು ಹೆಸರಿನವಕ್ಕೆ ಬರವಿಲ್ಲ. ಸೈಲೋಸೈಬಿಯಲ್ಲೇ ಸಯಾನೆಸೆನ್ಸ್, ಅಜುರೆಸೆನ್ಸ್, ಆಸ್ಟ್ರೇಲಿಯದ ಸಬ್‌ಏರುಜಿನೋಸಾ ಇವುಗಳ ನಡುವೆ ಐಟಿಎಸ್ ವ್ಯತ್ಯಾಸವೂ ಅತ್ಯಲ್ಪ. ಪ್ರಭೇದದ ಹೆಸರು ನಿಂತಿರುವುದು ಮೂಲಮಾದರಿಯ, ಅಂದರೆ ಹೆಸರಿಡುವಾಗ ಆಧಾರವಾಗಿ ಎತ್ತಿಟ್ಟ ಅಣಬೆಯ ಮೇಲೆ. ಅದರ ಡಿಎನ್‌ಎ ಕೈಗೆ ಸಿಗದಿದ್ದರೆ 700 ಅಕ್ಷರ ಓದಿಯೂ ಹೆಸರು ಸಿಗದು.

ಅದಕ್ಕಿಂತ, ಒಂದು ಹಾಳೆ ಮತ್ತು ಒಂದು ಬಟ್ಟಲು ತನ್ನಿ. ಹಾಳೆ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ. ಕಾಂಡ ಕತ್ತರಿಸಿ, ಟೋಪಿಯಡಿಯ ಗರಿಗಳು ಕೆಳಗಾಗುವಂತೆ ಟೋಪಿ ಇಟ್ಟು, ಬಟ್ಟಲು ಕವುಚಿ ರಾತ್ರಿಯಿಡೀ ಬಿಡಿ. ಹಾಳೆಯ ಮೇಲೆ ಉದುರಿದ ಬೀಜಕಗಳ, ಅಂದರೆ ಅಣಬೆಯ ಬೀಜದಂಥ ಪುಡಿಯ, ಗುರುತೇ ಅಚ್ಚು. ಮಳೆಯಲ್ಲಿ ನೆನೆದ ಟೋಪಿಯನ್ನು ಹಾಗೇ ಇಟ್ಟರೆ ಅಚ್ಚು ಕದಡಿಹೋಗುತ್ತದೆ. ಮೊದಲು ಹಳೇ ಪತ್ರಿಕೆಯಿಂದ ಒತ್ತಿ ನೀರು ಹೀರಿಸಿ. ಅಚ್ಚು ನೇರಳೆಗಂದಾಗಿದ್ದರೆ ಸೈಲೋಸೈಬಿ ಇರಬಹುದು. ತುಕ್ಕಿನ ಬಣ್ಣವಾದರೆ ಅದು ಸೈಲೋಸೈಬಿಯಲ್ಲ: ಜಿಮ್ನೋಪೈಲಸ್ ಎಂಬ ಬೇರೆ ಕುಲದ್ದಾಗಬಹುದು, ಪ್ರಾಣ ತೆಗೆಯುವ ಗ್ಯಾಲರೈನಾವೂ ಆಗಬಹುದು.

ಮುಂದಿನದು ಸೂಕ್ಷ್ಮದರ್ಶಕದ ಪಾಲು. ಅಚ್ಚಿನ ಪುಡಿಯನ್ನು ಶೇ. 3–5ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕದಡಿ, ಸೂಕ್ಷ್ಮದರ್ಶಕಕ್ಕೆಂದೇ ಇರುವ ಎಣ್ಣೆ ಹಾಕಿ 1000 ಪಟ್ಟು ಹಿಗ್ಗಿಸಿ, 20–30 ಬೀಜಕಗಳ ಉದ್ದಗಲ ಅಳೆಯಿರಿ. ಎರಡೋ ಮೂರೋ ಅಳೆದು ಬಿಟ್ಟವರೇ ಸುಳ್ಳು ಪ್ರಭೇದ ಹುಟ್ಟಿಸುವುದು. ಸೈಲೋಸೈಬಿಯ ಬೀಜಕ ನುಣುಪು, ತುದಿಯಲ್ಲಿ ಮೊಳೆರಂಧ್ರ (ಮೊಳಕೆ ಹೊರಡುವ ತೂತು). ಜಿಮ್ನೋಪೈಲಸ್‌ನದು ಗುಳ್ಳೆಗುಳ್ಳೆ, ರಂಧ್ರವಿಲ್ಲ. ಗ್ಯಾಲರೈನಾ ಮಾರ್ಜಿನಾಟಾದ್ದೂ ಗುಳ್ಳೆಯೇ, ಆದರೆ ಒಂದು ಪಕ್ಕದಲ್ಲಿ ನಯವಾದ ತೇಪೆ ಕಾಣುತ್ತದೆ.

ಮುಟ್ಟಿದಲ್ಲಿ ನೀಲಿಗಟ್ಟುವುದನ್ನು ಕೆಲವರು ದೇವರ ಮಾತಿನ ಹಾಗೆ ನಂಬುತ್ತಾರೆ. ಸೈಲೋಸೈಬಿಯಲ್ಲಿ ಸೈಲೋಸಿನ್ ಎಂಬ ಅಮಲಿನ ರಾಸಾಯನಿಕ ಉತ್ಕರ್ಷಣಗೊಂಡು ನೀಲಿ ಬರುವುದು ನಿಜ. ಆದರೆ ಬೊಲೀಟ್ ಜಾತಿಯ (ಟೋಪಿಯಡಿ ಗರಿಯ ಬದಲು ತೂತುಗಳಿರುವ) ಹಲವು ಅಣಬೆ ಬೇರೆಯೇ ರಾಸಾಯನಿಕದಿಂದ ನೀಲಿಯಾಗುತ್ತವೆ. ಇನ್ನೂ ಒಂದು ಮಾತು: ಗ್ಯಾಲರೈನಾ ಅದೇ ಕುಂಟೆಯಲ್ಲಿ ಸೈಲೋಸೈಬಿಯ ಪಕ್ಕದಲ್ಲೇ ಏಳಬಲ್ಲದು. ಹಾಗಾಗಿ ಗೊಂಚಲಿನಿಂದ ಒಂದನ್ನು ಕಿತ್ತು ಉಳಿದವಕ್ಕೆಲ್ಲ ಅದರ ಹೆಸರು ಹಚ್ಚುವುದು ಅಪಾಯ. ಗ್ಯಾಲರೈನಾದ ವಿಷವಾದ ಅಮಾಟಾಕ್ಸಿನ್ ಬೇಯಿಸಿದರೂ ಹೋಗದು. ತಿಂದ 6 ಗಂಟೆ ಕಳೆದ ಮೇಲೆಯೇ ಸಾಮಾನ್ಯವಾಗಿ ವಾಂತಿಭೇದಿ ಶುರು, ಆಮೇಲೆ ಯಕೃತ್ತು ಕೆಡುತ್ತದೆ. ಎದುರುಪಕ್ಷ ಹೇಳಿದ 2001ರ ಕೆಲಸ ಗ್ಯಾಲರೈನಾದ ಹೆಸರುಗಳನ್ನು ಒಂದುಮಾಡಿತು, ಸರಿ. ಆದರೆ ಅದು ಗ್ಯಾಲರೈನಾ ಎಂದು ತಿಳಿಯಲು ಆಗಲೂ ಈಗಲೂ ಸಾಕಾಗುವುದು ಅಚ್ಚು ಮತ್ತು ಸೂಕ್ಷ್ಮದರ್ಶಕ.

ಒಣಮಾದರಿಯ ಚೀಟಿಯಲ್ಲಿ ಯಾವ ಮರದ ಕುಂಟೆ, ಎಷ್ಟು ಕೊಳೆತದ್ದು, ವಾಸನೆ ಏನು, ಅಚ್ಚಿನ ಬಣ್ಣ ಯಾವುದು ಎಂದು ಅದೇ ದಿನ ಬರೆಯಿರಿ. ಪ್ರಭೇದ ಖಚಿತವಾಗದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ, ಮುಂದೆ ಪ್ರಶ್ನೆಚಿಹ್ನೆ ಹಾಕಿ.