ತಾರಸಿಗೆ ಬೆಲ್ಲದ ನೀರು

ಮೈಸೂರಿಗೆ ಬಂದವರು ತಲೆಯೆತ್ತಿ ನೋಡುವುದು ಗುಮ್ಮಟಗಳನ್ನು. ಗೈಡುಗಳು ಒಪ್ಪಿಸುವ ಪಾಠವೂ ಅದೇ. 1897ರಲ್ಲಿ ಮರದ ಅರಮನೆ ಸುಟ್ಟಿತು, ಹೆನ್ರಿ ಇರ್ವಿನ್ ನಕ್ಷೆ ಬರೆದರು, 1912ಕ್ಕೆ ಈಗಿನ ಅರಮನೆ ಮುಗಿಯಿತು. ಲಲಿತ ಮಹಲಿನ ಮುಂದೆ ನಿಂತರೆ 1921, ಇ. ಡಬ್ಲ್ಯು. ಫ್ರಿಚ್ಲಿ. ಹೆಸರು, ಇಸವಿ ಎಲ್ಲ ಸರಿಯೇ. ಆದರೆ ಕಟ್ಟಡ ಎಷ್ಟು ಕಾಲ ನಿಲ್ಲುತ್ತದೆಂಬುದು ತೀರ್ಮಾನವಾಗುವ ಜಾಗ ಕೆಳಗಿನಿಂದ ಕಾಣುವುದೇ ಇಲ್ಲ. ಅದು ಪ್ಯಾರಪೆಟ್ ಗೋಡೆಯ ಒಳಮಗ್ಗುಲಲ್ಲಿ, ಪಾರಿವಾಳದ ಹಿಕ್ಕೆ ಮತ್ತು ತೂತಾದ ಬಕೆಟ್ಟುಗಳ ನಡುವೆ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುವ ತಾರಸಿ.

ಅರಮನೆಯ ಮಾತು ಬೇರೆ. ಒಮ್ಮೆ ಬೆಂಕಿಯ ಬಿಸಿ ಕಂಡವರು ಎರಡನೆಯ ಸಲ ಮರವನ್ನು ಅಷ್ಟಾಗಿ ನಂಬಲಿಲ್ಲ. ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಮೊರೆಹೋದರು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಊರಿನ ಉಳಿದ ಕಟ್ಟಡಗಳಿಗೆ ಆ ಭಾಗ್ಯವೆಲ್ಲಿ? ಮಾರುಕಟ್ಟೆ, ಶಾಲೆ, ಕಚೇರಿ, ಅನುಕೂಲಸ್ಥರ ಮನೆ, ಎಲ್ಲಕ್ಕೂ ತೇಗದ ಜಂತೆಯ ಮೇಲೆ ಸುಣ್ಣದ ಗಾರೆಯ ಮದ್ರಾಸ್ ತಾರಸಿ.

ಇದನ್ನು ಕಟ್ಟುವ ಕ್ರಮ ನೋಡಿದರೆ ಮೊದಲು ನಂಬಿಕೆ ಬರುವುದಿಲ್ಲ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಒಂದೂವರೆ ಅಡಿಗೊಂದರಂತೆ ಜಂತೆ. ಅದರ ಮೇಲೆ 6 ಇಂಚು ಉದ್ದ, 3 ಇಂಚು ಅಗಲ, 1 ಇಂಚು ದಪ್ಪದ ಪುಟ್ಟ ತಾರಸಿ ಇಟ್ಟಿಗೆ. ಇಟ್ಟಿಗೆಯನ್ನು ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸುತ್ತಾರೆ. ಸಾಲು ಜಂತೆಗೆ ನೇರವಾಗಿಯೂ ಹೋಗುವುದಿಲ್ಲ, ಓರೆಯಾಗಿ ಹೋಗುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಶುರುಮಾಡಿದರೆ ಮೊದಲ ಸಾಲು ಗೇಣುದ್ದವಿದ್ದು ಎರಡೂ ಗೋಡೆಗೆ ಆನಿಕೊಳ್ಳುತ್ತದೆ. ಮುಂದಿನದು ಅದಕ್ಕೆ ಆನುತ್ತದೆ. ಕೆಳಗೆ ಹಲಗೆ ಕಟ್ಟುವ ಕೆಲಸವೇ ಇಲ್ಲ. ನೀರಲ್ಲಿ ನೆನೆದ ಇಟ್ಟಿಗೆಗೆ ಗಾರೆ ಬಳಿದು ಪಕ್ಕದ ಇಟ್ಟಿಗೆಗೆ ಒತ್ತಿ ಹಿಡಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಇಟ್ಟಿಗೆ ಒಣಗಿದ್ದರೆ ಗಾರೆಯ ನೀರನ್ನೆಲ್ಲ ಕುಡಿದು ಕೈಬಿಡುತ್ತದೆ. ಮೇಸ್ತ್ರಿಗಳು ಹುಡುಗರನ್ನು ಗದರಿಸುವುದೂ ಹೆಚ್ಚಾಗಿ ಈ ನೆನೆಸುವ ವಿಷಯಕ್ಕೇ.

ಅದರ ಮೇಲೆ 3 ಇಂಚು ಇಟ್ಟಿಗೆ ಜಲ್ಲಿಯ ಕಾಂಕ್ರೀಟು. ಜಲ್ಲಿ ಮುಕ್ಕಾಲು ಇಂಚಿನದು. 32 ಪಾಲು ಜಲ್ಲಿಗೆ 12.5 ಪಾಲು ಸುಣ್ಣ. ಆ ಅರ್ಧ ಪಾಲನ್ನು ಯಾವ ಮೇಸ್ತ್ರಿ ಎಂದು ಅಳೆದನೋ, ಲೋಕೋಪಯೋಗಿಯವರ ಪುಸ್ತಕದಲ್ಲಂತೂ ಅದು ಕೂತುಬಿಟ್ಟಿದೆ. ಸುಣ್ಣ ಪೂರ್ತಿ ಅರಳಿರಬೇಕು, ಜರಡಿ ಹಿಡಿದಿರಬೇಕು. ಅರಳದೆ ಉಳಿದ ಒಂದು ಹರಳು ಆರು ತಿಂಗಳ ಮೇಲೆ ತಾರಸಿಯೊಳಗೆ ನೀರು ಕುಡಿದು ಅರಳುತ್ತದೆ. ಮೇಲ್ಮೈ ಬೊಕ್ಕೆಯೆದ್ದು ಸಿಡಿಯುತ್ತದೆ.

ಇನ್ನು ಬಡಿತ. ಆಳುಗಳು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತ ಹಿಂದೆ ಸರಿಯುತ್ತಾರೆ. ಬಡಿಯುವಾಗ ಚಿಮುಕಿಸುವುದು ಬೆಲ್ಲ ಮತ್ತು ಅಳಲೆಕಾಯಿಯ ನೀರು. 100 ಲೀಟರ್ ನೀರಿಗೆ ಸುಮಾರು 3 ಕಿಲೊ ಬೆಲ್ಲ. ಪಕ್ಕದಲ್ಲೇ ಮಂಡ್ಯ ಇರುವಾಗ ಬೆಲ್ಲಕ್ಕೆ ಬರವೆ? ಊಟಕ್ಕೆ ಹೊಂಬಣ್ಣದ ಅಚ್ಚು ಹುಡುಕುವ ನಾವು ತಾರಸಿಗೆ ಯಾರೂ ಕೊಳ್ಳದ ಕರಿಬೆಲ್ಲವನ್ನು ಧಾರಾಳವಾಗಿ ಕೊಡಬಹುದು, ಅದು ಮುಖ ಸಿಂಡರಿಸುವುದಿಲ್ಲ. ಬೆಲ್ಲದಿಂದ ಗಾರೆ ಬೇಗ ಬಿಗಿಯದೆ ಬಡಿಯಲು ಸಮಯ ಸಿಗುತ್ತದೆ, ಕಡಿಮೆ ನೀರಿನಲ್ಲೇ ಮೆದುವಾಗಿರುತ್ತದೆ. ಕೊಡತಿ ಕಚ್ಚದೆ ಪುಟಿಯತೊಡಗಿದರೆ ಸಾಕೆಂದು ಲೆಕ್ಕ. ಆಮೇಲೆ ಬಡಿದರೆ ಬಿಗಿದ ಗಾರೆ ಬಿರುಕುಬಿಡುತ್ತದೆ, ಮೊದಲೇ ಬಿಟ್ಟರೆ ಒಳಗೆ ಪೊಳ್ಳು ಉಳಿಯುತ್ತದೆ. ಕೊನೆಗೆ ಚಪ್ಪಟೆ ಹೆಂಚು ಇಲ್ಲವೇ ನುಣ್ಣನೆಯ ಸುಣ್ಣದ ಗಾರೆ. ನೀರು ಹರಿಯಲು 10 ಅಡಿಗೆ ಎರಡರಿಂದ ಮೂರು ಇಂಚಿನಷ್ಟು ವಾಟ.

ಸುಣ್ಣವೆಂದರೆ ಗೋಡೆಗೆ ಬಳಿಯುವ ಬಿಳಿ ನೀರು ಎಂದುಕೊಂಡವರು ಒಮ್ಮೆ ಕನ್ನಂಬಾಡಿಗೆ ಹೋಗಿ ಬರಬೇಕು. 1911ರಲ್ಲಿ ಶುರುವಾದ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಬರೀ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ಸುಟ್ಟ ಮಣ್ಣಿನ ಪುಡಿ ಸೇರಿದರೆ ನೀರಿನೊಳಗೂ ಬಿಗಿಯುತ್ತದೆ.

ಇಷ್ಟು ಗಟ್ಟಿಯಾದದ್ದು ಕೆಡುವುದೇಕೆ? ಹೆಚ್ಚಿನ ಪಾಲು ರಿಪೇರಿಯಿಂದ. ಮಳೆಗಾಲದಲ್ಲಿ ಒಂದು ಹನಿ ಸೋರಿತೆಂದರೆ ಮೇಲೆ ಎರಡು ಇಂಚು ಸಿಮೆಂಟು ಗಾರೆ ಎಳೆಯುತ್ತಾರೆ. ಬಿಸಿಲಿಗೆ ಸುಣ್ಣವೂ ಸಿಮೆಂಟೂ ಒಂದೇ ಹದದಲ್ಲಿ ಹಿಗ್ಗುವುದಿಲ್ಲ. ಕೂದಲೆಳೆಯ ಬಿರುಕು ಬೀಳುತ್ತದೆ, ನೀರು ಇಳಿಯುತ್ತದೆ. ಮೊದಲಾಗಿದ್ದರೆ ಸುಣ್ಣದ ಮೂಲಕ ಆರಿಹೋಗುತ್ತಿದ್ದ ತೇವ ಈಗ ಸಿಮೆಂಟಿನ ಕೆಳಗೆ ಸಿಕ್ಕಿಬೀಳುತ್ತದೆ. ಅದು ಹುಡುಕುವ ದಾರಿ ಒಂದೇ, ಗೋಡೆಯೊಳಗೆ ಹುದುಗಿರುವ ಜಂತೆಯ ತುದಿ. ನಡುವೆ ಮರ ಕಲ್ಲಿನಂತಿದ್ದು ತುದಿಯಲ್ಲಿ ಹಿಟ್ಟಾಗಿರುವುದು ಇದರಿಂದಲೇ. ಗೆದ್ದಲು ಬರುವುದು ಆಮೇಲೆ, ಬೈಸಿಕೊಳ್ಳುವುದು ಮಾತ್ರ ಅದೇ. ಭಾರದ ಲೆಕ್ಕವನ್ನೂ ನೋಡಿ: 10 ಅಡಿಗೆ 10 ಅಡಿ ಕೋಣೆಯ ಮೇಲೆ ಎರಡು ಇಂಚು ಸಿಮೆಂಟು ಗಾರೆಯೆಂದರೆ ಹತ್ತಿರ ಹತ್ತಿರ ಒಂದು ಟನ್. ಹೀಗೆ ಎರಡು ಮೂರು ಸಲ ರಿಪೇರಿಯಾದ ತಾರಸಿಯನ್ನು ಹೊತ್ತ ಜಂತೆಗಳ ತಾಳ್ಮೆ ದೊಡ್ಡದು.

1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಲ್ಲಿಂದ ಕೆಡವಬೇಕೋ ಉಳಿಸಬೇಕೋ ಎಂಬ ವಾದ ನಡೆದೇ ಇದೆ. ವಾದ ಮಾಡುವವರು ಒಮ್ಮೆ ಏಣಿ ಹತ್ತುವುದು ಒಳ್ಳೆಯದು. ಜಂತೆಯ ತುದಿಗೆ ಚೂಪಾದ ಮೊಳೆ ಚುಚ್ಚಿದರೆ ಗೊತ್ತಾಗುತ್ತದೆ: ಅರ್ಧ ಇಂಚಿಗೂ ಹೆಚ್ಚು ಸಲೀಸಾಗಿ ಇಳಿದರೆ ಅದು ಹೋಯಿತು. ಅಂಥ ಜಂತೆಯ ಪಕ್ಕಕ್ಕೆ ಇನ್ನೊಂದು ಜಂತೆ ಕೊಡಬಹುದು, ಪೂರಾ ಬದಲಿಸಬಹುದು. ಯಾವುದಾದರೂ ಮೊದಲು ಕೆಳಗಿನಿಂದ ಆನಿಕೆ ಕೊಟ್ಟು, ಮೇಲಿನ ಸಿಮೆಂಟು ಹೊರೆಯನ್ನು ಸಣ್ಣ ಸಣ್ಣ ತುಂಡಾಗಿ ಕೈಯಲ್ಲೇ ಒಡೆದು ಇಳಿಸಬೇಕು. ಯಂತ್ರ ಹಚ್ಚಿದರೆ ಅದರ ಅದುರಿಗೆ ಇಟ್ಟಿಗೆ ಸಾಲು ಸಡಿಲಾಗುತ್ತದೆ. ಹೊಸ ಮರದ ತುದಿಯ ಸುತ್ತ ಗಾರೆ ತುಂಬಬಾರದು, ಗಾಳಿಯಾಡಲು ಬೆರಳಗಲ ಸಂದು ಬಿಡಬೇಕು.

ಪ್ಯಾರಪೆಟ್ಟಿನ ಬುಡದಲ್ಲಿ ಮೊಳೆತ ಅರಳಿಸಸಿಯದು ಇನ್ನೊಂದು ಕಥೆ. ಕಡಿದಷ್ಟೂ ಬೇರು ಬಲಿಯುತ್ತದೆ. ದಾರದಷ್ಟಿರುವಾಗಲೇ ಬೇರುಸಹಿತ ಎಳೆದು ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಕೈಮುಗಿದು ಬಿಟ್ಟವರ ಗೋಡೆ ಎರಡು ಹೋಳಾದದ್ದುಂಟು. ನೀರು ಹೊರಹೋಗುವ ತೂತಿಗೆ ಎಲೆ, ಪ್ಲಾಸ್ಟಿಕ್ಕು, ಸತ್ತ ಪಾರಿವಾಳ ಕಟ್ಟಿಕೊಂಡರೆ ತಾರಸಿ ಕೆರೆಯಾಗುತ್ತದೆ. ಒಂದು ಕಡ್ಡಿ, ಒಂದು ಪೊರಕೆ, ಅರ್ಧ ಗಂಟೆ ಸಾಕು. ಮೇ ತಿಂಗಳಲ್ಲೊಮ್ಮೆ, ದಸರೆಗೆ ಸುಣ್ಣಬಣ್ಣ ಬಳಿಯುವ ಮುಂಚೆ ಇನ್ನೊಮ್ಮೆ. ಈ ಕೆಲಸಕ್ಕೆ ಟೆಂಡರು ಕರೆಯುವಷ್ಟು ಮೊತ್ತವಾಗುವುದಿಲ್ಲವಾದ್ದರಿಂದ ಇದು ಬಹುತೇಕ ಯಾರ ಪಾಲಿಗೂ ಬೀಳುವುದಿಲ್ಲ.